ಅಂಗಡಿಯ ಮೈ

ನಮ್ಮ ಅಂಗಡಿಯಲ್ಲಿ ಬೊಂಬೆ ಇರಲಿಲ್ಲ. ನಾನಿದ್ದೆ.

ಬೇರೆ ಟೈಲರ್ ಅಂಗಡಿಗಳ ಗಾಜಿನ ಹಿಂದೆ ತಲೆಯಿಲ್ಲದ, ಹಿಡಿಯಷ್ಟು ಸೊಂಟದ ಬೊಂಬೆಗಳು ನಿಂತಿರುತ್ತವೆ. ಅಕ್ಕನಿಗೆ ಅವುಗಳನ್ನು ಕಂಡರಾಗದು. "ಉಸಿರಾಡದೇ ಇರೋದಕ್ಕೆ ಬಟ್ಟೆ ಹಾಕಿ ಏನು ನೋಡೋದು? ಹೆಣಕ್ಕೆ ಹೊಲಿಯೋರು ಬೇಕಾದ್ರೆ ಇಟ್ಕೊಳ್ಳಲಿ" ಎನ್ನುತ್ತಿದ್ದಳು. ಅವಳು ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿದ್ದನ್ನೆಲ್ಲ ಮೊದಲು ಹಾಕಿಕೊಳ್ಳುತ್ತಿದ್ದವಳು ನಾನು. ಕನ್ನಡಿಯ ಮುಂದಿದ್ದ ಗಿಡ್ಡ ಮಣೆಯ ಮೇಲೆ ಹತ್ತಿ ನಿಲ್ಲುತ್ತಿದ್ದೆ. ಅಕ್ಕ ಬಾಯಿತುಂಬ ಗುಂಡುಪಿನ್ನು ಕಚ್ಚಿಕೊಂಡು ನನ್ನ ಸುತ್ತ ಸುತ್ತುತ್ತಿದ್ದಳು.

ನಮ್ಮದು ದಪ್ಪ ಹೆಂಗಸರ ಅಂಗಡಿ. ಬೋರ್ಡಿನ ಮೇಲೆ ಹಾಗೇನೂ ಬರೆಸಿರಲಿಲ್ಲ. ರೆಡಿಮೇಡ್ ಅಂಗಡಿಗಳಲ್ಲಿ "ನಿಮ್ಮ ಸೈಜು ಬರಲ್ಲ ಮೇಡಂ" ಎಂದು ಕೇಳಿ ಮುಖ ಸಣ್ಣ ಮಾಡಿಕೊಂಡು ಹೊರಬಿದ್ದವರು ಒಬ್ಬರಿಂದೊಬ್ಬರು ಕೇಳಿಕೊಂಡು ಬರುತ್ತಿದ್ದರು. ಬೀಗದಕೈ ಮಾಡುವವನ ಗೂಡಂಗಡಿಯ ಪಕ್ಕ, ಬಾಗಿಲು ತೆರೆದರೆ ಗಂಟೆ ಸದ್ದಾಗುವ ಒಂದೇ ಕೋಣೆ. ಬಾಗಿಲ ಹತ್ತಿರ ಚಿಕ್ಕ ಕೌಂಟರು, ಎರಡು ಮಿಷನ್, ಬಟ್ಟೆ ಕತ್ತರಿಸುವ ಮೇಜು, ಆಳೆತ್ತರದ ಕನ್ನಡಿ, ಆ ಮಣೆ.

ಅಕ್ಕ ಗಿರಾಕಿಗಳ ಮೈಗೆ ಟೇಪು ಸುತ್ತುತ್ತಿರಲಿಲ್ಲ. ಟೇಪು ಸುತ್ತಿ ಅಂಕಿ ಕೂಗಿದರೆ ಅವರು ಅಲ್ಲೇ ಕುಗ್ಗಿಹೋಗುತ್ತಾರೆಂದು ಅವಳಿಗೆ ಗೊತ್ತಿತ್ತು. ಬಂದವರ ಜೊತೆ ಮಾತಾಡುತ್ತ, ಅವರ ಬೆನ್ನ ಮೇಲೊಮ್ಮೆ, ಸೊಂಟದ ಮೇಲೊಮ್ಮೆ ಕೈಯಿಟ್ಟು ನೋಡುತ್ತಿದ್ದಳು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ನಿನಗಿಂತ ಸೊಂಟ ಎರಡು ಬೆರಳು ಕಮ್ಮಿ, ತೋಳು ಒಂದು ಬೆರಳು ಜಾಸ್ತಿ" ಎನ್ನುತ್ತಿದ್ದಳು. ಅಷ್ಟೇ ಅಳತೆ. ಇಡೀ ಪೇಟೆಯ ದಪ್ಪ ಹೆಂಗಸರೆಲ್ಲ ನನಗಿಂತ ಇಷ್ಟು ಕಮ್ಮಿ, ನನಗಿಂತ ಇಷ್ಟು ಜಾಸ್ತಿ ಎಂದೇ ಅವಳ ತಲೆಯಲ್ಲಿದ್ದರು. ಯಾರನ್ನೂ ಅರ್ಧ ಹೊಲಿದ ಬಟ್ಟೆ ಹಾಕಿ ನೋಡಲು ಕರೆಸುತ್ತಿರಲಿಲ್ಲ. "ಗಿರಾಕಿ ಒಂದೇ ಸಲ ಹಾಕ್ಕೋಬೇಕು, ಹಾಕ್ಕೊಂಡೇ ಮನೆಗೆ ಹೋಗಬೇಕು" ಎಂಬುದು ಅವಳ ಜಂಬ.

ನನ್ನ ಕೆಲಸ ನಿಲ್ಲುವುದು ಮಾತ್ರವಲ್ಲ, ಹೇಳುವುದು. "ಕೈ ಎತ್ತು. ಕೂತ್ಕೋ. ಬಗ್ಗು. ಕಚ್ಚುತ್ತಾ?" ಎಂದು ಅಕ್ಕ ಕೇಳುವಳು. ಬಟ್ಟೆ ಎಲ್ಲಿ ಮೈಯನ್ನು ಹಿಡಿದು ಎಳೆಯುತ್ತದೆಯೋ ಅದಕ್ಕೆ ನಮ್ಮಲ್ಲಿ ಕಚ್ಚುವುದು ಎನ್ನುತ್ತಿದ್ದೆವು. ಕಂಕುಳಲ್ಲಿ ಕಚ್ಚುತ್ತೆ, ಬೆನ್ನಿನ ಮಡಿಕೆಯಲ್ಲಿ ಕಚ್ಚುತ್ತೆ, ಉಸಿರೆಳೆದುಕೊಂಡರೆ ಕಚ್ಚುತ್ತೆ. ಚಿಕ್ಕಂದಿನಿಂದಲೂ ನಾನು ಎಲ್ಲಕ್ಕೂ ಹೆದರುವವಳು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂದಿರುಗುವವಳು. ಕಾಲೇಜು ಮುಗಿಸಿ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿದಾಗ, ಅಲ್ಲಿನ ಕೈಯುಳ್ಳ ಕುರ್ಚಿಯಿಂದ ಏಳುವಾಗ ಕುರ್ಚಿಯೂ ಜೊತೆಗೇ ಎದ್ದೀತೆಂಬ ಭಯಕ್ಕೇ ಅದನ್ನು ಬಿಟ್ಟು ಬಂದಿದ್ದೆ. ಆ ಹೆದರಿಕೆ ಅಕ್ಕನ ಅಂಗಡಿಯಲ್ಲಿ ಉಪಯೋಗಕ್ಕೆ ಬಂತು. "ಇವಳಂಥ ಪುಕ್ಕಲಿ ಇನ್ನೊಬ್ಬಳಿಲ್ಲ, ಆದ್ರೆ ಇವಳ ಚರ್ಮ ಸುಳ್ಳು ಹೇಳಲ್ಲ" ಎಂದು ಎಲ್ಲರೆದುರು ಹೇಳುತ್ತಿದ್ದಳು. ನನ್ನ ಬಗ್ಗೆ ಯಾರೂ ಅದಕ್ಕಿಂತ ಒಳ್ಳೆಯ ಮಾತು ಆಡಿದ್ದು ನೆನಪಿಲ್ಲ.

ನನಗಿಂತ ಮೊದಲು ಆ ಮಣೆಯ ಮೇಲೆ ಅಮ್ಮ ನಿಲ್ಲುತ್ತಿದ್ದಳು. ನಮ್ಮಿಬ್ಬರದೂ ಅಮ್ಮನ ಮೈಯೇ. ಅದೇ ಭುಜ, ಅದೇ ಹೊಟ್ಟೆ, ಮೊಣಕೈ ಹತ್ತಿರ ಅದೇ ಗುಳಿ. ಒಂದು ಮಧ್ಯಾಹ್ನ ಮಣೆಯಿಂದ ಇಳಿಯುವಾಗ ಅಮ್ಮ ಎದೆ ಹಿಡಿದುಕೊಂಡು ಕೂತಳು, ಮತ್ತೆ ಏಳಲಿಲ್ಲ. ಮೈಮೇಲಿದ್ದ ಕೋಟಿನ ಪಿನ್ನುಗಳನ್ನು ಅಕ್ಕನೇ ಒಂದೊಂದಾಗಿ ತೆಗೆದಳು. ಕೋಟು ಬೇರೆಯವರದು, ಮುಗಿಸಿಕೊಡಲೇಬೇಕಿತ್ತು. ಆ ವಾರವೇ ನಾನು ಮಣೆ ಹತ್ತಿದೆ.

ಅಮ್ಮ ಹೋದ ವಯಸ್ಸು ನನಗೂ ಹತ್ತಿರವಾಗತೊಡಗಿತು. ಸಕ್ಕರೆ ಕಾಯಿಲೆ ಬಂತು, ಮೊಣಕಾಲು ಹೋಯಿತು. ನನ್ನ ಗಂಡನಿಗೆ ಲಿಫ್ಟ್ ರಿಪೇರಿಯ ಕೆಲಸ. ಎಲ್ಲದರಲ್ಲೂ ತಮಾಷೆ ಹುಡುಕುವ ಮನುಷ್ಯ. "ನಾವಿಬ್ರೂ ಹತ್ತಿದ್ರೆ ಲಿಫ್ಟು ಮೂರು ಜನ ಅಂತ ಲೆಕ್ಕ ಹಾಕುತ್ತೆ, ಮೂರನೆಯವರು ಯಾರು ಅಂತ ಹುಡುಕ್ತಾ ಇದೀನಿ" ಎನ್ನುತ್ತಿದ್ದರು. ಆದರೆ ಒಂದು ದಿನ ಕಾಫಿ ಕುಡಿಯುತ್ತ, ತಮಾಷೆಯ ದನಿಯೇ ಇಲ್ಲದೆ ಹೇಳಿದರು. "ನಿದ್ದೆಯಲ್ಲಿ ನಿನ್ನ ಉಸಿರು ನಿಂತುಬಿಡುತ್ತೆ ಕಣೇ. ಮತ್ತೆ ಶುರುವಾಗೋ ತನಕ ನಾನೂ ಬಿಗಿ ಹಿಡ್ಕೊಂಡಿರ್ತೀನಿ. ಎಷ್ಟು ದಿನ ಅಂತ ಹಿಡ್ಕೊಳ್ಳಲಿ?"

ಆ ಮಾತೇ ನನ್ನನ್ನು ಆಸ್ಪತ್ರೆಗೆ ಕರೆದೊಯ್ದಿತು. ಸರ್ಜನ್ ವಯಸ್ಸಿನಲ್ಲಿ ನನಗಿಂತ ಚಿಕ್ಕ ಹೆಂಗಸು. ಹಾಳೆಯ ಮೇಲೆ ಹೊಟ್ಟೆಯ ಚೀಲ ಬರೆದು, ಅದರ ಮುಕ್ಕಾಲು ಭಾಗಕ್ಕೆ ಗೀಟು ಹಾಕಿ, "ಇಷ್ಟನ್ನು ತೆಗೀತೀವಿ. ಉಳಿಯೋದು ಒಂದು ಬಾಳೆಹಣ್ಣಿನಷ್ಟು ಕೊಳವೆ" ಎಂದರು. ಅಕ್ಕ ಬಟ್ಟೆಯ ಮೇಲೆ ಸೀಮೆಸುಣ್ಣದ ಬಿಲ್ಲೆಯಿಂದ ಗೀಟು ಹಾಕಿದಂತೆಯೇ ಕಂಡಿತು. ಹೊಲಿಗೆ ಬಿಟ್ಟರೆ ಏನಾಗುತ್ತದೆ, ರಕ್ತ ಹೆಪ್ಪುಗಟ್ಟಿದರೆ ಏನಾಗುತ್ತದೆ ಎಂದು ನಾನು ಕೇಳಿದ್ದನ್ನೇ ಕೇಳಿದೆ. ಅವರು ಬೇಸರವಿಲ್ಲದೆ ಉತ್ತರಿಸಿದರು. "ತಪ್ಪದೆ ಮಾತ್ರೆ, ಅಗಿದು ಅಗಿದು ತಿನ್ನೋದು, ಇದು ಜೀವನಪೂರ್ತಿ ಇರೋದೇ. ಆಪರೇಷನ್ ಸುಲಭದ ದಾರಿ ಅಂತ ಯಾರಾದ್ರೂ ಹೇಳಿದ್ರೆ ಅವರನ್ನ ನನ್ನ ಹತ್ರ ಕಳಿಸಿ."

ಆಮೇಲೆ ಆಪ್ತಸಲಹೆಯ ಕೋಣೆಗೆ ಕಳಿಸಿದರು. ಅಲ್ಲಿದ್ದಾಕೆ ತುಂಬ ಮೆತ್ತಗೆ, ಇತರ ಪ್ರಶ್ನೆಗಳ ನಡುವೆ ಇದನ್ನೂ ಸೇರಿಸಿ ಕೇಳಿದರು.

"ನೀವು ಸಣ್ಣಗಾದ್ರೆ ಯಾರಿಗಾದ್ರೂ ಬೇಜಾರಾಗುತ್ತಾ?"

ನನಗೆ ನಗು ಬಂತು. "ಬೇಜಾರಾಗೋಕೇನಿದೆ? ಯಾರಿಗೂ ಇಲ್ಲ" ಎಂದೆ.

ಪ್ರತಿ ಮಾತನ್ನೂ ಎರಡು ಸಲ ತೂಗಿ ಆಡುವ ನಾನು, ಅದೊಂದನ್ನು ತೂಗಲಿಲ್ಲ.

ಅಕ್ಕನಿಗೆ ಹೇಳಬೇಕಲ್ಲ. ಎಷ್ಟೋ ದಿನ ಸಮಯ ನೋಡಿದೆ. ಕೊನೆಗೆ ಹೇಳಿದ್ದು ಮಣೆಯ ಮೇಲೆ ನಿಂತಿದ್ದಾಗ, ಅವಳ ಬಾಯಿತುಂಬ ಪಿನ್ನುಗಳಿದ್ದಾಗ. ತಕ್ಷಣ ಅವಳು ಉತ್ತರಿಸಲಾರಳು ಎಂಬ ಲೆಕ್ಕಾಚಾರವೇ. ಕನ್ನಡಿಯಲ್ಲಿ ಅವಳ ಮುಖ ನೋಡುತ್ತಾ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ: ಸಕ್ಕರೆ, ಉಸಿರು, ಅಮ್ಮ, ಸರ್ಜನ್, ಗೊತ್ತುಮಾಡಿದ ದಿನ.

ಅಕ್ಕ ಪಿನ್ನುಗಳನ್ನು ಬಾಯಿಂದ ಒಂದೊಂದಾಗಿ ತೆಗೆದು ಪಿನ್ನಿನ ಪುಟ್ಟ ದಿಂಬಿಗೆ ಚುಚ್ಚಿದಳು. ಆತುರವೇ ಇಲ್ಲ.

"ಎಷ್ಟು ಹೋಗುತ್ತೆ?"

"ಹೆಚ್ಚು ಕಮ್ಮಿ ಅರ್ಧ ಅಂತಾರೆ."

"ಯಾವ ಅರ್ಧ?"

ನಾನು ನಕ್ಕೆ. ಅವಳು ನಗಲಿಲ್ಲ.

"ನೀನೂ ಬಾ ಅಕ್ಕ. ಒಂದ್ಸಲ ತೋರಿಸ್ಕೋ. ಅಮ್ಮನ ಥರ ನಿನಗೂ..."

"ನನಗೇನಾಗಿದೆ?"

"ಏನೋ ಆಗಿದೆ ಅಂತ ನಾನೆಲ್ಲಿ ಹೇಳಿದೆ, ಆಗಬಾರದು ಅಂತ..."

"ನೋಡೇ, ನನ್ನದೂ ನಿನ್ನದೂ ಒಂದೇ ಮೈ. ನಿನ್ನದು ಕಾಯಿಲೆ ಅಂದ್ರೆ ನನ್ನದೂ ಕಾಯಿಲೆ ಅಂತಾಯ್ತು. ಇಲ್ಲಿಗೆ ಬರೋರೆಲ್ಲ ಕಾಯಿಲೆಯೋರು ಅಂತಾಯ್ತು. ಇಷ್ಟು ವರ್ಷ ಹೊಲಿದಿದ್ದು ಏನು, ಬ್ಯಾಂಡೇಜಾ?"

"ಹಾಗಲ್ಲ ಅಕ್ಕ."

"ಮತ್ತೆ ಹೇಗೆ?"

ನಾನು ಬದುಕಬೇಕೆಂದಿದ್ದು ಈ ಮಣೆಯ ಮೇಲೆ ಇನ್ನಷ್ಟು ವರ್ಷ ನಿಲ್ಲುವುದಕ್ಕೇ, ಅಮ್ಮನ ಹಾಗೆ ಅರ್ಧ ಹೊಲಿದ ಬಟ್ಟೆಯಲ್ಲಿ ಹೋಗಿಬಿಟ್ಟು ಅವಳನ್ನು ಒಬ್ಬಳನ್ನೇ ಬಿಡಬಾರದೆಂದೇ. ಅದನ್ನು ಹೇಳಿದ್ದರೆ ಚೆನ್ನಾಗಿತ್ತು. ಅಕ್ಕ ಮತ್ತೆ ಪಿನ್ನುಗಳನ್ನು ಬಾಯಿಗೆ ಹಾಕಿಕೊಂಡಳು. ಮಾತು ಅಲ್ಲಿಗೆ ಮುಗಿಯಿತು.

ಆದರೂ ಆಪರೇಷನ್ನಿನ ಹಿಂದಿನ ಸಂಜೆ ಆಸ್ಪತ್ರೆಗೆ ಬಂದಳು, ಕೈಯಲ್ಲೊಂದು ಬಟ್ಟೆಯ ಚೀಲ. ಆಸ್ಪತ್ರೆಯವರು ಕೊಟ್ಟಿದ್ದ ನಿಲುವಂಗಿ ನನ್ನ ಬೆನ್ನಿಗೆ ಮುಚ್ಚುತ್ತಿರಲಿಲ್ಲ. ಹಾಸಿಗೆಯಿಂದ ಏಳುವಾಗಲೆಲ್ಲ ಗಂಡನನ್ನು ಹಿಂದೆ ನಿಲ್ಲಿಸಿಕೊಳ್ಳುತ್ತಿದ್ದೆ. ಅಕ್ಕ ಚೀಲದಿಂದ ತಿಳಿನೀಲಿ ನಿಲುವಂಗಿಯೊಂದನ್ನು ತೆಗೆದಳು. ಗಾಯಕ್ಕೆ ತಾಗದಂತೆ ಹೊಟ್ಟೆಯ ಹತ್ತಿರ ಸಡಿಲ, ಡ್ರಿಪ್ಪಿನ ಸೂಜಿ ತೆಗೆಯದೆಯೇ ಹಾಕಿಕೊಳ್ಳುವಂತೆ ತೋಳು ಬಿಚ್ಚುವ ಗುಂಡಿಗಳು, ಪಕ್ಕದಲ್ಲಿ ಕಟ್ಟುವ ದಾರ.

"ಯಾರ ಮೇಲೆ ಹಾಕಿ ನೋಡಿದೆ?" ಎಂದೆ.

"ನೋಡೋದೇನು? ನಿನ್ನ ಮೈ ನನಗೆ ಬಾಯಿಪಾಠ" ಎಂದಳು. ನರ್ಸ್ ಬಂದು ಅದನ್ನು ಮುಟ್ಟಿ ನೋಡಿ, "ಇಂಥದ್ದು ನಮಗೂ ನಾಲ್ಕು ಹೊಲಿದುಕೊಡಿ ಆಂಟಿ" ಎಂದಾಗ ಅಕ್ಕನ ಮುಖ ಸ್ವಲ್ಪ ಅರಳಿತು. ಹೊರಡುವಾಗ ನನ್ನ ತೋಳನ್ನು ಮೊಣಕೈ ಮೇಲೆ ಒಮ್ಮೆ ಅದುಮಿದಳು. ಬಟ್ಟೆಯ ಅಂಗಡಿಯಲ್ಲಿ ಥಾನು ಮುಟ್ಟಿ ನೋಡುವ ಹಾಗೆ. ಸಮಾಧಾನ ಹೇಳುತ್ತಿದ್ದಾಳೆ ಎಂದುಕೊಂಡೆ. ಬೀಳ್ಕೊಡುತ್ತಿದ್ದಳೆಂದು ಈಗ ಅನ್ನಿಸುತ್ತದೆ.

ಎಚ್ಚರವಾದಾಗ ನೋವು ಹೊಟ್ಟೆಯಲ್ಲಿರಲಿಲ್ಲ, ಭುಜದಲ್ಲಿತ್ತು. ಆಪರೇಷನ್ನಿಗೆಂದು ಹೊಟ್ಟೆಗೆ ತುಂಬಿದ ಗಾಳಿ ಹಾಗೆ ಮೇಲೇರುತ್ತದಂತೆ. ಡ್ರಿಪ್ಪಿನ ಕಂಬವನ್ನು ತಳ್ಳಿಕೊಂಡು ವಾರ್ಡಿನ ಓಣಿಯಲ್ಲಿ ನಡೆಸಿದರು. ಔಷಧಿ ಬಾಟಲಿಯ ಮುಚ್ಚಳದಷ್ಟು ಲೋಟದಲ್ಲಿ ನೀರು ಕೊಟ್ಟು ಗುಟುಕರಿಸಲು ಹೇಳಿದರು. ಆ ಗುಟುಕು ಇಳಿಯುವ ದಾರಿಯನ್ನೆಲ್ಲ ಕಿವಿಗೊಟ್ಟು ಕೇಳಿದೆ. ಎಲ್ಲೋ ಹೊಲಿಗೆ ಬಿಟ್ಟಿರಬಹುದು, ಒಳಗೆ ಸೋರುತ್ತಿರಬಹುದು ಎಂದು ನನ್ನ ನಾಡಿಯನ್ನು ನಾನೇ ಹಿಡಿದು ಕೂರುತ್ತಿದ್ದೆ. ಏನೂ ಸೋರಲಿಲ್ಲ. ಸರ್ಜನ್ ಗಾಯ ನೋಡಿ, "ಟೈಲರ್ ಮನೆಯವರು, ನನ್ನ ಹೊಲಿಗೆ ಹೇಗಿದೆ ಹೇಳಿ" ಎಂದು ನಗಿಸಲು ನೋಡಿದರು. ನಕ್ಕರೆ ನೋಯುತ್ತಿತ್ತು.

ಮನೆಗೆ ಬಂದ ಮೇಲೆ ಬರೀ ನೀರು, ಹಾಲು, ಸೋಸಿದ ಸೂಪು. ಆಮೇಲೆ ಹಿಸುಕಿದ್ದು, ಆಮೇಲೆ ಮೆತ್ತಗಿನದು. ಒಂದು ಸಲ ಮಾತಾಡುತ್ತ ಬ್ರೆಡ್ಡಿನ ತುಂಡೊಂದನ್ನು ಸರಿಯಾಗಿ ಅಗಿಯದೆ ನುಂಗಿ, ಎದೆಯಲ್ಲಿ ಕಲ್ಲು ಸಿಕ್ಕಿಕೊಂಡಂತಾಗಿ ಸ್ನಾನದ ಮನೆಯ ನೆಲದ ಮೇಲೆ ಕೂತುಬಿಟ್ಟೆ. ಅಂದಿನಿಂದ ತಿನ್ನುವಾಗ ಮಾತು ಬಿಟ್ಟೆ. ಹಸಿವೂ ಹೋಗಿತ್ತು. ಗಡಿಯಾರ ನೋಡಿ ತಿನ್ನುತ್ತಿದ್ದೆ, ಮಾತ್ರೆಯಂತೆ. ತಲೆಕೂದಲು ಬಾಚಣಿಗೆ ತುಂಬ ಬರುತ್ತಿತ್ತು. ಆದರೆ ಸಕ್ಕರೆ ಇಳಿಯಿತು. ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ. ಗಂಡ ಗೊರಕೆ ಹೊಡೆಯಲು ಶುರುಮಾಡಿದರು. ಇಷ್ಟು ವರ್ಷ ಗೊರಕೆ ಹೊಡೆಯುವಷ್ಟು ಗಾಢವಾಗಿ ಅವರು ಮಲಗಿಯೇ ಇರಲಿಲ್ಲ. ಇವನ್ನೆಲ್ಲ ನಾನು ಅಲ್ಲಗಳೆಯುವುದಿಲ್ಲ.

ಅಂಗಡಿಗೆ ಮರಳಿದ ದಿನ ಬೀಗದಕೈಯವನು, "ಏನಕ್ಕಾ, ಹೊಸ ಬೀಗ ಹಾಕಿಸ್ಕೊಂಡ್ರಂತೆ ಹೊಟ್ಟೆಗೆ!" ಎಂದು ಗಟ್ಟಿಯಾಗಿ ನಕ್ಕ. ಅಕ್ಕ ಒಳಗಿಂದಲೇ, "ಬೀಗ ಹಾಕಬೇಕಾಗಿರೋದು ನಿನ್ನ ಬಾಯಿಗೆ" ಎಂದಳು. ನನಗೆ ಎಲ್ಲವೂ ಮೊದಲಿನಂತೆಯೇ ಇದೆ ಎನ್ನಿಸಿ ಸಮಾಧಾನವಾಯಿತು.

ಮೊದಲಿನಂತಿರಲಿಲ್ಲ. ನಾವು ಮಧ್ಯಾಹ್ನ ಒಂದೇ ಡಬ್ಬಿಯಲ್ಲಿ ಎರಡು ಚಮಚ ಹಾಕಿ ಉಣ್ಣುತ್ತಿದ್ದವರು. ಈಗ ನನ್ನದು ಬೇರೆ, ಅಂಗೈಯಗಲದ ಬಟ್ಟಲು. ಅದು ಬೇಗ ಮುಗಿಯುತ್ತಿತ್ತು. ಮುಗಿದ ಮೇಲೆ ಸುಮ್ಮನೆ ಅಕ್ಕನನ್ನು ನೋಡುತ್ತ ಕೂರುತ್ತಿದ್ದೆ. ಬೇಕೆಂದು ನೋಡಿದ್ದಲ್ಲ. ನೋಡುವುದು ನನ್ನ ಸ್ವಭಾವ. ಅವಳು ಎಷ್ಟು ಬೇಗ ನುಂಗುತ್ತಾಳೆ, ಎಷ್ಟು ಕಮ್ಮಿ ಅಗಿಯುತ್ತಾಳೆ, ಉಂಡೆದ್ದ ಮೇಲೆ ಉಸಿರಿಗೆ ಎಷ್ಟು ಹೊತ್ತು ತಡಕಾಡುತ್ತಾಳೆ ಎಂದು ಕಣ್ಣಿಗೆ ಬೀಳುತ್ತಿತ್ತು. ಒಂದು ದಿನ ಅಕ್ಕ ಡಬ್ಬಿ ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತಳು.

"ಏನಾಯ್ತಕ್ಕ?"

"ನೀನು ನೋಡ್ತಾ ಇದ್ರೆ ನನಗೆ ಇಳಿಯಲ್ಲ ಕಣೇ."

"ನಾನೇನೂ ಅಂದಿಲ್ಲವಲ್ಲ."

"ಅನ್ನೋದು ಬೇರೆ ಬೇಕಾ?"

ಅವಳ ಅಗಲ ಬೆನ್ನು, ಅಮ್ಮನ ಬೆನ್ನು, ಗೋಡೆಯ ಕಡೆ ಬಾಗಿ ಉಣ್ಣುವುದನ್ನು ನೋಡಲಾರದೆ ಅಂದಿನಿಂದ ನಾನು ಬಟ್ಟಲನ್ನು ಬಾಗಿಲ ಹತ್ತಿರ ಒಯ್ದೆ.

ಕೆಲಸದಲ್ಲೂ ಅಷ್ಟೇ. ಗಿರಾಕಿ ಹೋದ ಮೇಲೆ ಅಕ್ಕ ಅಭ್ಯಾಸಬಲದಿಂದ ನನ್ನ ಕಡೆ ತಿರುಗಿ, "ನಿನಗಿಂತ..." ಎಂದು ಶುರುಮಾಡಿ ನಿಲ್ಲಿಸಿಬಿಡುವಳು. ಯಾರು ನನಗಿಂತ ಎಷ್ಟು ಎಂಬುದಕ್ಕೆ ಅರ್ಥವೇ ಉಳಿದಿರಲಿಲ್ಲ. ತಿಂಗಳು ತಿಂಗಳಿಗೂ ನಾನೇ ಬೇರೆಯಾಗುತ್ತಿದ್ದೆ. ಹಳೆಯ ನನ್ನನ್ನು ನೆನಪಿಟ್ಟುಕೊಂಡು ಅವಳು ಕತ್ತರಿಸತೊಡಗಿದಳು. ಮಣೆ ಮೂಲೆ ಸೇರಿತು. ಅದರ ಮೇಲೆ ಲೈನಿಂಗ್ ಬಟ್ಟೆಯ ಕಟ್ಟುಗಳು ಕೂತವು.

ಅವುಗಳನ್ನು ಇಳಿಸಬೇಕೆಂದೇ ನಾನು ಒಂದು ಉಪಾಯ ಮಾಡಿದ್ದು. ನನ್ನ ಹಳೆಯ ಉಡುಪೊಂದನ್ನು ಬಿಚ್ಚಿ, ಅದರ ಆಕಾರಕ್ಕೆ ಹತ್ತಿ ತುಂಬಿದ ಒಳಂಗಿ ಹೊಲಿದೆ. ಹೊಟ್ಟೆಗೆ ಇಷ್ಟು, ಬೆನ್ನಿನ ಮಡಿಕೆಗೆ ಇಷ್ಟು, ತೋಳಿಗೆ ಇಷ್ಟು ಎಂದು ಹಳೆಯ ಫೋಟೋ ನೋಡಿ ನೋಡಿ ತುಂಬಿದೆ. ಒಂದು ಬೆಳಿಗ್ಗೆ ಅದನ್ನು ತೊಟ್ಟು, ಬಟ್ಟೆಯ ಕಟ್ಟುಗಳನ್ನು ಸರಿಸಿ ಮಣೆಯ ಮೇಲೆ ನಿಂತೆ.

ಅಕ್ಕ ಬಾಗಿಲಲ್ಲೇ ನಿಂತಳು. ಆಮೇಲೆ ನಗತೊಡಗಿದಳು. ಮೇಜಿಗೆ ಒರಗಿ, ಕಣ್ಣೊರೆಸಿಕೊಂಡು ಒರೆಸಿಕೊಂಡು ನಕ್ಕಳು.

"ಬಂದ್ಯೇನೇ ಹಳೇ ತಂಗಿ! ಎಲ್ಲಿಗೆ ಹೋಗಿದ್ದೆ ಇಷ್ಟು ದಿನ?"

"ಹಾಸಿಗೆ ಅಂಗಡಿಗೆ" ಎಂದೆ.

"ಹಿಂದಿನದು ಸ್ವಲ್ಪ ಜಾಸ್ತಿ ತುಂಬಿದೀಯ. ಅಷ್ಟಿರಲಿಲ್ಲ ನಿನಗೆ."

"ನೀನು ಹಿಂದಿನಿಂದ ನೋಡ್ತಿದ್ದೆ, ನಿನಗೇ ಗೊತ್ತು."

ಅವಳು ಬಂದು ನನ್ನನ್ನು, ಅಂದರೆ ಹತ್ತಿಯನ್ನು, ತಬ್ಬಿಕೊಂಡಳು. ಆ ಕೆಲವು ವಾರ ಅಂಗಡಿಯಲ್ಲಿ ಮತ್ತೆ ಮಾತಿತ್ತು, ಪಿನ್ನು ಕಚ್ಚಿಕೊಂಡೇ ಗುನುಗುವ ಹಾಡಿತ್ತು. ನಾನು ಒಳಗೆ ಬೆವರುತ್ತ ನಿಂತಿರುತ್ತಿದ್ದೆ. ಬೆವರಿದ್ದಕ್ಕೆ ಬೇಸರವಿರಲಿಲ್ಲ.

ಆಗ ಬಂದದ್ದು ಪಿಟೀಲು ಟೀಚರಿನ ಗೌನು. ಮಕ್ಕಳಿಗೆ ಪಿಟೀಲು ಹೇಳಿಕೊಡುವ ಹೆಂಗಸು. ಹಿಂದೆ ನನಗಿಂತ ಒಂದೇ ಬೆರಳು ಜಾಸ್ತಿ ಇದ್ದವರು, ನನ್ನಷ್ಟೇ ನಾಚಿಕೆಯವರು, ಆದರೆ ನಾಚಿಕೆಯನ್ನು ನಗೆಯಲ್ಲಿ ಮುಚ್ಚುವವರು. ಬಹಳ ವರ್ಷಗಳ ನಂತರ ವೇದಿಕೆಯ ಮೇಲೆ ಒಬ್ಬರೇ ನುಡಿಸಲಿದ್ದರು. "ಜನ ಪಿಟೀಲು ಕೇಳಬೇಕು, ನನ್ನ ನೋಡಬಾರದು, ಅಂಥದ್ದು ಹೊಲಿದುಕೊಡಿ" ಎಂದರು.

"ಜನ ನೋಡಲೇಬೇಕು, ಅಂಥದ್ದು ಹೊಲಿತೀನಿ" ಎಂದಳು ಅಕ್ಕ.

ಕಪ್ಪು ಗೌನು. ಉದ್ದ ತೋಳು. ಅಕ್ಕ ಅದನ್ನು ಮಗುವಿನಂತೆ ನೋಡಿಕೊಂಡಳು. ಹತ್ತಿಯ ಮೈಮೇಲೆ ಹಾಕಿ, ಪಿನ್ನು ಚುಚ್ಚಿ, ಹಿಂದೆ ಸರಿದು ನೋಡಿದಳು.

"ಎಡಗೈ ಪಿಟೀಲು ಹಿಡಿದ ಹಾಗೆ ಎತ್ತು. ಬಲಗೈ ಕಮಾನು ಎಳೆದ ಹಾಗೆ ಆಡಿಸು. ಕಚ್ಚುತ್ತಾ?"

ನಾನು ಎತ್ತಿದೆ, ಆಡಿಸಿದೆ. ಎಲ್ಲೂ ಏನೂ ತಿಳಿಯಲಿಲ್ಲ. ಹಿತವಾಗಿತ್ತು.

"ಇಲ್ಲ."

"ಸರಿಯಾಗಿ ನೋಡು. ಕಂಕುಳಲ್ಲಿ?"

"ಇಲ್ಲ ಅಕ್ಕ. ಎಲ್ಲೂ ಕಚ್ಚಲ್ಲ."

ಸುಳ್ಳು ಹೇಳಲಿಲ್ಲ. ಟೀಚರ್ ಬಂದು ಗೌನು ಹಾಕಿಕೊಂಡು, ಕನ್ನಡಿಯ ಮುಂದೆ ಕೈ ಇಳಿಬಿಟ್ಟು ನಿಂತು ನೋಡಿಕೊಂಡರು. ಕಣ್ಣಲ್ಲಿ ನೀರು ತಂದುಕೊಂಡರು. ಪಿಟೀಲು ಅವರ ಕೈಯಲ್ಲಿರಲಿಲ್ಲ. ನಮ್ಮ ಅಂಗಡಿಯ ಪದ್ಧತಿಯಂತೆ ಹಾಕಿಕೊಂಡೇ ಮನೆಗೆ ಹೋದರು.

ಕಾರ್ಯಕ್ರಮಕ್ಕೆ ನಮ್ಮಿಬ್ಬರನ್ನೂ ಕರೆದಿದ್ದರು. ಮುಂದಿನ ಸಾಲುಗಳಲ್ಲೇ ಕೂತೆವು. ಅಕ್ಕ ಕುರ್ಚಿಯಲ್ಲಿ ಒತ್ತರಿಸಿ ಕೂತು ನನ್ನ ಕೈ ಹಿಡಿದುಕೊಂಡಿದ್ದಳು. ಟೀಚರ್ ವೇದಿಕೆಗೆ ಬಂದಾಗ ಪಕ್ಕದವರು ಯಾರೋ, "ಎಷ್ಟು ಚೆನ್ನಾಗಿ ಕಾಣ್ತಾರೆ" ಎಂದರು. ಅಕ್ಕನ ಹಿಡಿತ ಬಿಗಿಯಾಯಿತು. ಅವರು ಪಿಟೀಲು ಗದ್ದಕ್ಕೆ ಆನಿಸಿ ಕಮಾನು ಎತ್ತಿದರು. ನಿಧಾನದ ಭಾಗ ಸಾಂಗವಾಗಿ ಸಾಗಿತು. ಆಮೇಲೆ ಬಲಗೈ ಬೀಸಿ ಬೀಸಿ ಹೋಗಬೇಕಾದ ಜಾಗ ಬಂತು. ಒಂದು ಸ್ವರ ಮುಗಿದು ಇನ್ನೊಂದು ಹುಟ್ಟುವ ಮೊದಲಿನ ಮೌನದಲ್ಲಿ, ಬಟ್ಟೆ ಸೀಳುವ ಸದ್ದು ಸಭೆಗೆಲ್ಲ ಕೇಳಿಸಿತು.

ಕಂಕುಳಿನಿಂದ ಬೆನ್ನಿನವರೆಗೆ ಹೊಲಿಗೆ ಬಿಟ್ಟಿತ್ತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಟೀಚರ್ ನಿಲ್ಲಿಸಲಿಲ್ಲ. ಆದರೆ ಮೊಣಕೈಯನ್ನು ಮೈಗೆ ಅಂಟಿಸಿಕೊಂಡು, ಕಮಾನಿನ ತುದಿಯಲ್ಲೇ ಕೆರೆಯುತ್ತ, ಹೇಗೋ ಕೊನೆ ಮುಟ್ಟಿಸಿದರು. ಅದು ಅವರ ನುಡಿಸಾಣಿಕೆಯಲ್ಲವೆಂದು ಸಂಗೀತ ತಿಳಿಯದ ನನಗೂ ಗೊತ್ತಾಯಿತು. ಅಕ್ಕನ ಕೈ ನನ್ನ ಕೈಯಿಂದ ಯಾವಾಗ ಜಾರಿತ್ತೋ, ನೋಡಿದರೆ ಅವಳ ತೊಡೆಯ ಮೇಲಿತ್ತು.

ಮನೆಗೆ ನಡೆದೇ ಹೊರಟೆವು. ಈಗ ನನ್ನ ನಡಿಗೆ ಅವಳಿಗಿಂತ ವೇಗ. ನಿಂತು ನಿಂತು ಕಾಯಬೇಕಾಗುತ್ತಿತ್ತು.

"ಕಚ್ಚಲ್ಲ ಅಂದೆ" ಎಂದಳು ಕೊನೆಗೆ.

"ನನಗೆ ಗೊತ್ತಾಗಲಿಲ್ಲ ಅಕ್ಕ."

"ಕೈ ಎತ್ತಿದ್ರೆ ಮಾಂಸ ಮೇಲಕ್ಕೆ ಬರುತ್ತೆ. ಹರಡುತ್ತೆ. ಹತ್ತಿ ಎಲ್ಲಿ ಬರುತ್ತೆ? ಅದು ಇಟ್ಟಲ್ಲೇ ಇರುತ್ತೆ. ಅದು ನನಗೆ ಹೊಳೀಬೇಕಿತ್ತು. ನೀನು ನಿಂತಿದ್ದೆ, ನೀನು ಹೇಳಿದೆ, ನಾನು ನಂಬಿದೆ."

"ನಾನು ನಿಜಾನೇ ಹೇಳಿದ್ದು."

"ನಿಜಾನೇ. ನೀನು ಸುಳ್ಳು ಹೇಳಿದೆ ಅಂತ ನಾನೆಲ್ಲಿ ಅಂದೆ?" ಅವಳು ಉಸಿರಿಗಾಗಿ ನಿಂತಳು. ಅವಳ ಕುತ್ತಿಗೆಯಲ್ಲಿ ನರ ಹೊಡೆದುಕೊಳ್ಳುವುದನ್ನು ನೋಡಿ ನಾನು ಹೆದರಿದೆ. "ಗೊತ್ತಾಗಬೇಕಾದ ಜಾಗವೇ ನಿನ್ನ ಹತ್ರ ಇಲ್ಲ ಕಣೇ. ಅಷ್ಟೇ."

ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ.

ಮರುದಿನ ಟೀಚರ್ ಗೌನಿನ ಚೀಲ, ಪಿಟೀಲಿನ ಪೆಟ್ಟಿಗೆ ಹಿಡಿದು ಬಂದರು. ನಾನು ಕೌಂಟರಿನ ಹಿಂದೆ ಎದ್ದು ನಿಂತೆ. ಅವರೇ, "ಆ ಸದ್ದು ಕೇಳಿ ಯಾರೋ ಬೇಗ ಚಪ್ಪಾಳೆ ತಟ್ಟಿಬಿಟ್ರು ಅಂದ್ಕೊಂಡೆ!" ಎಂದು ನಕ್ಕರು. ನಗು ಅರ್ಧಕ್ಕೇ ಮುರಿಯಿತು. ಮುಖ ಮುಚ್ಚಿಕೊಂಡು ನಿಂತರು. ಅಕ್ಕ ಎದ್ದು ಹೋಗಿ ಅವರ ಭುಜದ ಮೇಲೆ ಕೈಯಿಟ್ಟಳು.

"ತಪ್ಪು ನಮ್ಮದು ಟೀಚರ್. ಇನ್ನೊಂದ್ಸಲ ನುಡಿಸಿ. ನಾನು ಇನ್ನೊಂದು ಹೊಲಿತೀನಿ."

ಆಮೇಲೆ ನಮ್ಮ ಅಂಗಡಿಯಲ್ಲಿ ಎಂದೂ ಆಗದ್ದು ಆಯಿತು. ಅಕ್ಕ ಮೂಲೆಯಿಂದ ಮಣೆಯನ್ನು ಎಳೆದು, ಗೌನು ತೊಡಿಸಿ, ಗಿರಾಕಿಯನ್ನೇ ಅದರ ಮೇಲೆ ಹತ್ತಿಸಿದಳು. "ಪಿಟೀಲು ತಂದಿದೀರಾ? ತೆಗೀರಿ. ನುಡಿಸಿ" ಎಂದಳು. ಟೀಚರ್ ಸಂಕೋಚಪಡುತ್ತ ನುಡಿಸಿದರು. ಅಕ್ಕ ಪಿನ್ನು ಕಚ್ಚಿಕೊಂಡು ಅವರ ಸುತ್ತ ಸುತ್ತಿದಳು. "ಅಯ್ಯೋ, ಅಲ್ಲಿ ಕಚ್ಚುತ್ತೆ" ಎಂದರು ಟೀಚರ್. ಅವರಿಗೆ ಆ ಮಾತನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಕ್ಕ "ಹ್ಞೂಂ" ಎಂದಳು, ಹಿಂದೆ ನನಗೆ ಹೇಳುತ್ತಿದ್ದ ಅದೇ "ಹ್ಞೂಂ". ಹತ್ತಿಯ ಒಳಂಗಿ ಮೊಳೆಗೆ ನೇತಾಡುತ್ತಿತ್ತು. ನಾನು ಅದನ್ನು ತೆಗೆದು ಮಡಚಿ ಮೇಜಿನ ಕೆಳಗಿಟ್ಟೆ.

ಹೊಸ ಗೌನು ಮುಗಿದ ಮೇಲೂ ಟೀಚರ್ ಬರುವುದು ನಿಲ್ಲಲಿಲ್ಲ. ಪಾಠವಿಲ್ಲದ ಮಧ್ಯಾಹ್ನಗಳಲ್ಲಿ ಬಂದು ಮಣೆಯ ಮೇಲೆ ನಿಲ್ಲುತ್ತಾರೆ. ಅಕ್ಕನ ಡಬ್ಬಿಯಲ್ಲಿ ಎರಡನೆಯ ಚಮಚ ಅವರದು. ಅಕ್ಕ ಗೋಡೆಯ ಕಡೆ ತಿರುಗದೆ ಉಣ್ಣುತ್ತಾಳೆ. "ಆ ಪಲ್ಯ ಮುಟ್ಟಬೇಡಿ, ಅದು ನನ್ನ ಪಾಲು" ಎಂದು ಇಬ್ಬರೂ ಜಗಳವಾಡುತ್ತಾರೆ. ಯಾರಾದರೂ ಗಿರಾಕಿ ಬಂದು ಹೋದರೆ ಅಕ್ಕ ಟೀಚರ್ ಕಡೆ ತಿರುಗಿ, "ನಿಮಗಿಂತ ಭುಜ ಒಂದು ಬೆರಳು ಕಮ್ಮಿ" ಎನ್ನುತ್ತಾಳೆ. ನಾನು ಕೌಂಟರಿನಲ್ಲಿ ಕೂತು ಆರ್ಡರು ತೆಗೆದುಕೊಳ್ಳುತ್ತೇನೆ. ಮುಖ ನೋಡಿಯೇ ಹೊಸಬರು ನನ್ನನ್ನು ನಂಬುವುದಿಲ್ಲ. ಇವಳಿಗೇನು ಗೊತ್ತು ಎಂಬಂತೆ ನನ್ನ ಸಣ್ಣ ಕತ್ತನ್ನೊಮ್ಮೆ ನೋಡಿ, "ಒಳಗಿರೋರ ಹತ್ರ ಮಾತಾಡ್ತೀನಿ" ಎನ್ನುತ್ತಾರೆ. ನಾನೂ ಹಿಂದೆ ಸಣ್ಣ ಕತ್ತುಗಳನ್ನು ಹಾಗೆಯೇ ನೋಡುತ್ತಿದ್ದೆ.

ನನ್ನ ಹಳೆಯ ಬಟ್ಟೆಗಳು ಜೋತುಬಿದ್ದಿದ್ದವು. ಹೊರಗಿನ ಅಂಗಡಿಯಲ್ಲಿ ಕೊಂಡರೆ ಅಕ್ಕನಿಗೆ ಏನನ್ನಿಸೀತೋ ಎಂದು ಪಿನ್ನು ಹಾಕಿ ಹಾಕಿ ದಿನ ನೂಕುತ್ತಿದ್ದೆ. ಒಂದು ದಿನ ಧೈರ್ಯ ಮಾಡಿ, "ಅಕ್ಕ, ನನಗೊಂದು ಹೊಲಿದುಕೊಡು" ಎಂದೆ.

ಅವಳು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಕಣ್ಣಳತೆಗೆ ಸಿಗಲಿಲ್ಲವೆಂದು ಕಾಣುತ್ತದೆ. ಮೇಜಿನ ಡ್ರಾಯರು ತೆಗೆದು ಟೇಪು ಹುಡುಕಿದಳು. ಅದು ತಳದಲ್ಲೆಲ್ಲೋ ಸುತ್ತಿಕೊಂಡಿತ್ತು. ಅದನ್ನು ಬಿಡಿಸಿ ನನ್ನ ಎದೆಯ ಸುತ್ತ ತಂದಳು. ಇಡೀ ಜೀವನದಲ್ಲಿ ಅವಳು ನನಗೆ ಟೇಪು ಹಿಡಿದದ್ದು ಅದೇ ಮೊದಲು. ಅಂಕಿಯನ್ನು ಗಟ್ಟಿಯಾಗಿ ಹೇಳಲಿಲ್ಲ. ಟೇಪಿನ ಒಳಗೆ, ಬಟ್ಟೆ ಬಿಗಿಯಾಗದಿರಲೆಂದು ಒಂದು ಬೆರಳು ಬಿಟ್ಟಳು. ಆ ಬೆರಳು ನನ್ನ ಪಕ್ಕೆಲುಬಿಗೆ ತಾಗಿ ನಿಂತಿತು.

"ಎಲುಬು ಸಿಗ್ತಾ ಇದೆ" ಎಂದಳು.

"ಹ್ಞೂಂ."

"ಅಮ್ಮನಿಗೂ ಒಳಗೆ ಇಂಥದ್ದೇ ಇತ್ತೇನೋ. ನಮಗೆ ಗೊತ್ತೇ ಆಗಲಿಲ್ಲ."

ಆಗ ಹೇಳಬಹುದಿತ್ತು. ನೀನೂ ಸರ್ಜನ್ ಹತ್ತಿರ ಬಾ ಎಂದಲ್ಲ, ಅದನ್ನು ಬಿಟ್ಟುಬಿಟ್ಟಿದ್ದೇನೆ. ಅವತ್ತು ಮಣೆಯ ಮೇಲೆ ಹೇಳದೆ ಉಳಿದದ್ದನ್ನು. ಮಾತು ಗಂಟಲಿಗೆ ಬರುವಷ್ಟರಲ್ಲಿ ಟೇಪು ಸಡಿಲವಾಯಿತು.

ಮುಂದಿನ ವಾರ ಕಚ್ಚಾ ಹೊಲಿಗೆಯ ಉಡುಪು ತೊಟ್ಟು ಮಣೆಯ ಮೇಲೆ ನಿಂತೆ. ಮಣೆ ಮೊದಲಿನಂತೆ ಕಿರುಗುಟ್ಟಲಿಲ್ಲ. ಅಕ್ಕ ಒಂದು ಸುತ್ತು ಬಂದಳು. ಪಿನ್ನಿನ ದಿಂಬು ಕೈಯಲ್ಲಿತ್ತು, ಆದರೆ ಒಂದನ್ನೂ ತೆಗೆಯಬೇಕಾಗಿರಲಿಲ್ಲ. ಟೇಪಿನ ಅಳತೆ, ಎಲ್ಲವೂ ಸರಿಯಾಗಿತ್ತು.

"ಕೈ ಎತ್ತು. ಕಚ್ಚುತ್ತಾ?"

ಎಲ್ಲೂ ಕಚ್ಚುತ್ತಿರಲಿಲ್ಲ. ಬಟ್ಟೆ ಮೈಮೇಲಿದೆಯೆಂದೇ ಗೊತ್ತಾಗುತ್ತಿರಲಿಲ್ಲ.

"ಕಂಕುಳಲ್ಲಿ ಸ್ವಲ್ಪ ಕಚ್ಚುತ್ತೆ" ಎಂದೆ.

ಅಕ್ಕ ಹತ್ತಿರ ಬಂದಳು. ಎರಡು ಪಿನ್ನು ತುಟಿಗಿಟ್ಟುಕೊಂಡು, ನನ್ನ ತೋಳನ್ನು ಎತ್ತಿ ಹಿಡಿದು, ಕಂಕುಳ ಹೊಲಿಗೆಯುದ್ದಕ್ಕೂ ಬೆರಳಾಡಿಸಿದಳು. ಅವಳ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಬೆರಳು ಒಂದು ಸಲ ಹೋಯಿತು, ಮತ್ತೊಂದು ಸಲ ಬಂತು. ಬಟ್ಟೆಗೂ ಮೈಗೂ ನಡುವೆ ಜಾಗ ಧಾರಾಳವಾಗಿತ್ತು. ಅದು ಅವಳ ಬೆರಳಿಗೆ ತಿಳಿಯದೆ ಇರುವುದಿಲ್ಲ. ಆದರೂ ಕೈ ತೆಗೆಯಲಿಲ್ಲ. ಕನ್ನಡಿಯಲ್ಲಿ ಅವಳ ಕಣ್ಣು ನನ್ನ ಕಣ್ಣನ್ನು ಸಂಧಿಸಿತು. ಅವಳು ಏನೂ ಕೇಳಲಿಲ್ಲ, ಬಾಯಲ್ಲಿ ಪಿನ್ನುಗಳಿದ್ದವು.

ಬಾಗಿಲ ಗಂಟೆ ಸದ್ದಾಯಿತು. ಅಕ್ಕ ಪಿನ್ನುಗಳನ್ನು ತುಟಿಯಿಂದ ತೆಗೆದು ದಿಂಬಿಗೆ ಚುಚ್ಚಿದಳು.

"ಬಿಚ್ಚು, ನೋಡ್ತೀನಿ" ಎಂದಳು. "ಟೀಚರ್ ಬಂದ್ರು."

ನಾನು ಮಣೆಯಿಂದ ಇಳಿದೆ.